ಅಚ್ಚು ಕೂರಿಸುವ ಜಾಗ

ಮುಳಬಾಗಿಲಿಗೆ ಇವತ್ತಿಗೂ ರೈಲಿಲ್ಲ. 1864ರಲ್ಲಿ ಮದ್ರಾಸಿನ ಕಡೆಯಿಂದ ಬಂದ ರೈಲು ಜೋಲಾರ್‌ಪೇಟೆಯಲ್ಲಿ ಕವಲೊಡೆದು ಕುಪ್ಪಂ, ಬೌರಿಂಗ್‌ಪೇಟೆ, ಮಾಲೂರು ಹಿಡಿದು ಬೆಂಗಳೂರು ದಂಡು ಸೇರಿತು. ಆ ಬೌರಿಂಗ್‌ಪೇಟೆಯೇ ಈಗಿನ ಬಂಗಾರಪೇಟೆ. 1913ರಲ್ಲಿ ಅಲ್ಲಿಂದ ಕೋಲಾರಕ್ಕೆ ಎರಡೂವರೆ ಅಡಿ ಅಗಲದ ಪುಟ್ಟ ರೈಲು ಬಂತು. ಅದಾದರೂ ನಮ್ಮ ಕಡೆ ಬಂದೀತೆಂದರೆ, ಶ್ರೀನಿವಾಸಪುರ, ಚಿಂತಾಮಣಿ ಎಂದು ಬಡಗಣಕ್ಕೆ ತಿರುಗಿಕೊಂಡಿತು. ಹೀಗಾಗಿ ನಮ್ಮ ತಾಲ್ಲೂಕಿನ ಹುಣಸೆಹಣ್ಣು, ಕಡಲೆಕಾಯಿ, ಬೆಲ್ಲ ರೈಲಿನ ಮುಖ ಕಾಣಬೇಕಾದರೆ ಮೊದಲು ಎತ್ತಿನ ಗಾಡಿ ಹತ್ತಲೇಬೇಕಿತ್ತು. ಕೋಲಾರಕ್ಕೆ ಸುಮಾರು ಮೂವತ್ತು ಕಿಲೋಮೀಟರ್. ಸಂಜೆ ಹೂಡಿದರೆ ಕೋಳಿ ಕೂಗುವ ಹೊತ್ತಿಗೆ ಊರು ಸೇರುತ್ತಿದ್ದರು.

ನಾನು ಗಾಡಿ ಮಾಡುವವರ ಮನೆಯವನು. ತಾತ, ಅಪ್ಪ ಇಬ್ಬರೂ ಆವಣಿ ದಾರಿಯ ಒಂದು ಹಳ್ಳಿಯಲ್ಲಿ ಉಳಿ, ಬಾಚಿ, ಕುಲುಮೆ ನಂಬಿ ಬದುಕಿದವರು. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿ, ಹುಡುಗರಿಗೆ ಪಾಠ ಹೇಳಿ ರಿಟೈರ್ ಆದೆ. ಇಂಧನ ಉಳಿಸುವ ಸಾರಿಗೆ, ಪರಿಸರ ಕೆಡಿಸದ ಸಾರಿಗೆ ಎಂದು ಈಗ ಯಾರು ಮಾತೆತ್ತಿದರೂ ಬ್ಯಾಟರಿಯಿಂದ ಶುರುವಾಗಿ ಹೈಡ್ರೋಜನ್‌ನಲ್ಲಿ ಮುಗಿಯುತ್ತದೆ. ಕೇಳುತ್ತೇನೆ, ತಲೆಯಾಡಿಸುತ್ತೇನೆ. ಆದರೆ ಈ ವಿಷಯದಲ್ಲಿ ನಮ್ಮ ರಾಜ್ಯದಲ್ಲಿ ನಡೆದ ಒಳ್ಳೆಯ ಸಂಶೋಧನೆಗಳಲ್ಲಿ ಒಂದು ಎತ್ತಿನ ಗಾಡಿಯ ಮೇಲೆ ನಡೆಯಿತು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಅದು ಎಷ್ಟು ತಡವಾಗಿ ನಡೆಯಿತು ಎಂಬುದೂ ಗೊತ್ತಿಲ್ಲ.

ಗಾಡಿಯೇನು ಇಲ್ಲಿ ಅನಾದಿಯಿಂದ ಇದ್ದದ್ದಲ್ಲ. ಹೊಲಗದ್ದೆಗೆ, ಗೊಬ್ಬರಕ್ಕೆ ಇತ್ತು. ದೂರದ ವ್ಯಾಪಾರವೆಲ್ಲ ಹೇರೆತ್ತಿನ ಬೆನ್ನಿನ ಮೇಲೆ. ಘಾಟಿ ಹತ್ತಬೇಕು, ಮಳೆಗಾಲದಲ್ಲಿ ಕೆರೆಕೋಡಿ ದಾಟಬೇಕು. ಚಕ್ರಕ್ಕೆ ದಾರಿ ಎಲ್ಲಿತ್ತು? ಲಂಬಾಣಿಗಳು ನೂರಾರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಓಡಾಡುತ್ತಿದ್ದರು. 1791ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಟಿಪ್ಪುವಿನ ಕಣ್ಣು ತಪ್ಪಿಸಿ ಮುಗ್ಲಿ ಘಾಟಿ ಹತ್ತಿ ಪಲಮನೇರಿಗೆ ಬಂದು, ನಮ್ಮ ಈ ದಾರಿಯಲ್ಲೇ ಕೋಲಾರ, ಹೊಸಕೋಟೆ ಹಿಡಿದು, ಮಾರ್ಚ್ 21ಕ್ಕೆ ಬೆಂಗಳೂರು ಕೋಟೆ ತೆಗೆದುಕೊಂಡ. ಇತಿಹಾಸದ ಪುಸ್ತಕದಲ್ಲಿ ಇದು ಫಿರಂಗಿಗಳ ಕಥೆ. ಗಾಡಿ ಮನೆಯವನ ಕಣ್ಣಿಗೆ ಇದು ಎತ್ತುಗಳ ಕಥೆ. ಅದೇ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಬಳಿ ಮೇವಿಲ್ಲದೆ, ರೋಗ ತಗುಲಿ ಅವನ ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಒಡೆಯಲು ಎಳೆದುಕೊಂಡು ಹೋಗಿದ್ದ ದೊಡ್ಡ ಫಿರಂಗಿಗಳನ್ನು ವಾಪಸ್ ಎಳೆಯುವವರಿಲ್ಲದೆ ತಾನೇ ಒಡೆಸಿ ಹಾಕಿ ಹಿಂದಿರುಗಿದ.

ಆ ಕಡೆ ಮೈಸೂರಿನವರ ಹತ್ತಿರ ಅಮೃತಮಹಲ್ ಇತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಅದು. ಅರಮನೆಗೆ ಹಾಲು ಬೆಣ್ಣೆ ಒದಗಿಸುತ್ತಿದ್ದ ಆ ಹಿಂಡುಗಳನ್ನು ಹೈದರಾಲಿ ದಂಡಿನ ಸಾಗಣೆಗೆ ತಿರುಗಿಸಿದ, ಟಿಪ್ಪು ಹೆಸರು ಬದಲಿಸಿ ಹುಕುಂನಾಮೆ ಹೊರಡಿಸಿ ಇಲಾಖೆಯನ್ನೇ ಕಟ್ಟಿದ. ಹೆಚ್ಚು ದೂರ, ಹೆಚ್ಚು ವೇಗ, ಕಡಿಮೆ ಮೇವು ಎಂಬ ಲೆಕ್ಕದಲ್ಲಿ ತಳಿ ಕಾಪಾಡಿದ ಇಲಾಖೆ. ಇವತ್ತಿನ ಮಾತಲ್ಲಿ ಹೇಳುವುದಾದರೆ ಇಂಜಿನ್ ಸುಧಾರಣೆ. ಇಂಜಿನ್ ಅಷ್ಟು ಚೆನ್ನಾಗಿ ಸುಧಾರಿಸಿದವರು ಅದು ಎಳೆಯುವ ಬಂಡಿಯ ಕಡೆ ಕಣ್ಣು ಹಾಯಿಸಿದಂತೆ ಕಾಣುವುದಿಲ್ಲ. ಆಮೇಲೆ ಬಂದವರೂ ಅಷ್ಟೇ. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ.

ಗಾಡಿಗೆ ಬೆಲೆ ಬಂದದ್ದು ರಸ್ತೆ ಬಂದ ಮೇಲೆ. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಕಮಿಷನರ್ ಆಗಿದ್ದಾಗ ಮೈಸೂರು ಸೀಮೆಯಲ್ಲಿ ಸುಮಾರು 1,600 ಮೈಲಿ ರಸ್ತೆ ಮಾಡಿಸಿದರು. ರಸ್ತೆ ಆದದ್ದೇ ಹೇರೆತ್ತು ಹಿಂದೆ ಸರಿಯಿತು, ಗಾಡಿ ಮುಂದೆ ಬಂತು. ಒಂದು ಎತ್ತು ಬೆನ್ನ ಮೇಲೆ ಹೊರುವುದಕ್ಕೂ ಅದೇ ಎತ್ತು ಚಕ್ರದ ಮೇಲೆ ಎಳೆಯುವುದಕ್ಕೂ ಹಲವು ಪಟ್ಟು ವ್ಯತ್ಯಾಸ ಇರುವಾಗ ಹಾಗಾಗದೆ ಇನ್ನೇನು? ಊರೂರಿಗೂ ಗಾಡಿ ಆಚಾರಿಗಳು ಹುಟ್ಟಿಕೊಂಡರು. ಪೇಟೆಗಳಲ್ಲಿ ಜಟಕಾದವರು ಬೇರೆ. 1887ರಲ್ಲಿ ನಮ್ಮ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ಬರಹಗಾರರಾಗುವ ಮುಂಚೆ ಹೊಟ್ಟೆಪಾಡಿಗೆ ಜಟಕಾಗಳಿಗೆ ಬಣ್ಣ ಬಳಿಯುವ ಕಡೆ ದುಡಿದವರು. ಕಗ್ಗದಲ್ಲಿ ಬರುವ ಜಟಕಾ ಎಲ್ಲರ ಬಾಯಲ್ಲೂ ಇದೆ. ಬಣ್ಣದ ಡಬ್ಬಿಯ ನೆನಪು ಯಾರಿಗಿದೆ?

ನಮ್ಮ ಅಂಗಳದಲ್ಲಿ ಕೆಲಸ ನಡೆಯುತ್ತಿದ್ದದ್ದು ಹೀಗೆ. ಗುಂಬಕ್ಕೆ, ಆರೆಕಾಲಿಗೆ ಕರಿಜಾಲಿ. ಕಡಿದ ಮರವನ್ನು ಕೆರೆಯ ಕೆಸರಲ್ಲಿ ಹೂತಿಟ್ಟು, ತೆಗೆದು ನೆರಳಲ್ಲಿ ಒಣಗಿಸಿದ ಮೇಲೇ ಉಳಿ ಇಡುತ್ತಿದ್ದರು. ಒಂದು ಗಾಲಿಗೆ ಹನ್ನೆರಡು ಆರೆಕಾಲು, ಹೊರಸುತ್ತಿಗೆ ಆರು ಬಾಗಿದ ತುಂಡು, ಒಂದೊಂದು ತುಂಡಿಗೆ ಎರಡೆರಡು ಆರೆ. ಇದೆಲ್ಲ ಕೂಡಿಸುವುದಕ್ಕೆ ಮೊಳೆ ಇಲ್ಲ, ಅಂಟಿಲ್ಲ. ಹಿಡಿದಿಡುವುದು ಹಳಿ. ಹಳಿ ಕಟ್ಟುವ ದಿನ ಬೆರಣಿ ಬೆಂಕಿಯ ಉಂಗುರದಲ್ಲಿ ಕಬ್ಬಿಣದ ಪಟ್ಟಿ ಕೆಂಪಗಾಗುವವರೆಗೆ ಕಾಯಿಸಿ, ಇಕ್ಕಳದಲ್ಲಿ ನಾಲ್ಕು ಜನ ಎತ್ತಿ ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವ ಮುಂಚೆ ಬಿಂದಿಗೆಗಟ್ಟಲೆ ನೀರು ಸುರಿಯುವುದು. ಕಬ್ಬಿಣ ಕುಗ್ಗುವಾಗ ಆರೆಕಾಲುಗಳು ಗುಂಬದೊಳಗೆ ಸರಿಯುವ ಕಟಕಟ ಸದ್ದು ಬೀದಿಗೆಲ್ಲ ಕೇಳುತ್ತಿತ್ತು. ಪಟ್ಟಿಯನ್ನು ಗಾಲಿಯ ಸುತ್ತಳತೆಗಿಂತ ಎರಡು ಬೆರಳು ಕಡಿಮೆ ಮಾಡಬೇಕು ಎಂಬುದು ತಾತನ ಲೆಕ್ಕ. ಮುಂದೆ ನಾನು ಕ್ಲಾಸಿನಲ್ಲಿ ಉಷ್ಣ ವ್ಯಾಕೋಚನದ ಪಾಠಕ್ಕೆ ಇದೇ ಲೆಕ್ಕ ಕೊಡುತ್ತಿದ್ದೆ: ಐದಡಿ ಗಾಲಿಯ ಸುತ್ತಳತೆ ಸುಮಾರು 4.8 ಮೀಟರ್, 600 ಡಿಗ್ರಿ ಏರಿಸಿದರೆ ಕಬ್ಬಿಣ ಬೆಳೆಯುವುದು ಮೂರು ಸೆಂಟಿಮೀಟರಿಗೆ ಸ್ವಲ್ಪ ಹೆಚ್ಚು. ಎರಡು ಬೆರಳೇ.

ಇನ್ನೊಂದು ಲೆಕ್ಕ ಬಾಯಲ್ಲಿ ಹೇಳುವಂಥದ್ದಲ್ಲ, ಕೈಗೆ ಗೊತ್ತಿರುವಂಥದ್ದು: ಅಚ್ಚು ಎಲ್ಲಿ ಕೂರಬೇಕು. ಎರಡು ಗಾಲಿಯ ಗಾಡಿ ತಕ್ಕಡಿ ಇದ್ದ ಹಾಗೆ. ಭಾರ ಅಚ್ಚಿನ ಮುಂದೆ ಬಿದ್ದರೆ ಎತ್ತಿನ ಹೆಗಲು ಬಗ್ಗುತ್ತದೆ, ಹಿಂದೆ ಬಿದ್ದರೆ ಮೂಕಿ ಮೇಲೆದ್ದು ಕೊರಳಿನ ಜೊತ್ತಿಗೆ ಬಿಗಿಯುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಸರಿಯಾಗಿ ತೂಗಿದ ಗಾಡಿ ಇಳಿಜಾರಿಗೆ ಬಂದದ್ದೇ ಹೆಗಲಿಗೆ ಹೇರುತ್ತದೆ, ಏರಿಗೆ ಬಂದದ್ದೇ ಕೊರಳು ಹಿಡಿಯುತ್ತದೆ. ಬ್ರೇಕ್ ಇಲ್ಲ, ಎತ್ತಿನ ಕತ್ತೇ ಬ್ರೇಕ್. ಅಪ್ಪ ಹೊಸ ಗಾಡಿ ಕೊಡುವಾಗ ರಾಗಿ ಮೂಟೆ ಹೇರಿಸಿ, ತಾನೇ ನೊಗ ಎತ್ತಿ ಹಿಡಿದು, “ಒಂದ್ ಚೂರು ಭಾರ ಇರಬೇಕು, ಮಗ ಕೈ ಇಟ್ಟಂಗೆ” ಎನ್ನುತ್ತಿದ್ದ. ಅಷ್ಟೇ ಅವನ ಪರೀಕ್ಷೆ. ಕೀಲಿಗೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಮಸಿ ಕಲೆಸಿದ ಕೀಲೆಣ್ಣೆ ಹಾಕಿ, ಕಡಾಣಿ ಬಡಿದು, ಕುಂಕುಮ ಇಟ್ಟು ಕಳಿಸುವುದು.

ಮೋಟಾರು ಬಂದ ಮೇಲೂ ಈ ಗಾಡಿಗಳು ಹೆದರಲಿಲ್ಲ. ಎರಡನೇ ಮಹಾಯುದ್ಧದಲ್ಲಂತೂ ಮೋಟಾರೇ ಹೆದರಿತು. 1941ರಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನವರು ಹಿಂಬದಿಗೆ ಆಳೆತ್ತರದ ತಗಡಿನ ಒಲೆ ತಗುಲಿಸಿ ಇದ್ದಿಲಿನ ಗ್ಯಾಸಿನಲ್ಲಿ ಓಡಿಸಿದರು. ನಮ್ಮ ಅಜ್ಜಿ ಕೋಲಾರಕ್ಕೆ ಇಂಥ ಬಸ್ಸಿನಲ್ಲಿ ಹೋಗಿಬಂದವಳು. ಕ್ಲೀನರ್ ಹುಡುಗ ಕತ್ತಲಿರುವಾಗಲೇ ಎದ್ದು ಒಲೆ ಹೊತ್ತಿಸಿ, ಕೈಯಲ್ಲಿ ಗಾಳಿಚಕ್ರ ತಿರುಗಿಸಿ ತಿರುಗಿಸಿ, ಗ್ಯಾಸು ನೀಲಿಯಾಗಿ ಉರಿಯುವುದನ್ನು ನೋಡಿದ ಮೇಲೆ ಬಸ್ಸು ಹೊರಡುವುದು. ಏರು ಬಂದರೆ ಗಂಡಸರೆಲ್ಲ ಇಳಿದು ತಳ್ಳುವುದು. ಟಿಕೆಟ್ ದುಡ್ಡು ವಾಪಸ್ ಕೊಡುತ್ತಿರಲಿಲ್ಲ ಎಂದು ಅಜ್ಜಿ ಕೊನೆಯವರೆಗೂ ಹೇಳಿಕೊಂಡಳು.

ಇದ್ದಿಲಿನ ಮೇಲೆ ಕಡಿಮೆ ಗಾಳಿ ಹಾಯಿಸಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ, ಜೊತೆಗೆ ಸ್ವಲ್ಪ ಹೈಡ್ರೋಜನ್. ಉರಿಯುತ್ತದೆ, ಆದರೆ ಅರ್ಧಕ್ಕಿಂತ ಹೆಚ್ಚು ಭಾಗ ಬರೀ ನೈಟ್ರೋಜನ್ ಆದ್ದರಿಂದ ಪೆಟ್ರೋಲ್ ಇಂಜಿನ್ನಿನ ಬಲ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಒಂದು ಲೀಟರ್ ಪೆಟ್ರೋಲಿನ ಕೆಲಸಕ್ಕೆ ಒಂದೂವರೆ ಎರಡು ಕಿಲೋ ಇದ್ದಿಲು. ಊರ ಹೊರಗಿನ ಜಾಲಿ ಮರಗಳು ಬಸ್ಸಿನ ಒಲೆಗೆ ಹೋದವು, ಗಾಲಿ ಮಾಡಲು ಮರ ಸಿಗದೆ ತಾತ ಪರದಾಡಿದ. ನವೀಕರಿಸಬಹುದಾದ ಇಂಧನ ಎನ್ನುವಾಗ ಈ ಭಾಗವನ್ನೂ ಹೇಳಬೇಕು. ಯುದ್ಧ ಮುಗಿದದ್ದೇ ಒಲೆಗಳು ಗುಜರಿಗೆ ಹೋದವು. ನಾಲ್ಕು ದಶಕ ಕಳೆದ ಮೇಲೆ, ಎಣ್ಣೆ ಬೆಲೆ ಏರಿದ್ದರಿಂದ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಚ್.ಎಸ್. ಮುಕುಂದ ಮತ್ತವರ ಜೊತೆಗಾರರು ಅದೇ ತತ್ತ್ವವನ್ನು ಹಿಡಿದು ಸೌದೆಯಿಂದಲೇ ನೇರ ಗ್ಯಾಸ್ ತೆಗೆಯುವ ಶುದ್ಧವಾದ ಯಂತ್ರ ಮಾಡಿದರು. ಅದು ಬಸ್ಸಿಗಲ್ಲ, ಹಳ್ಳಿಯ ದೀಪಕ್ಕೆ, ಪಂಪಿಗೆ. 1988ರಲ್ಲಿ ಕುಣಿಗಲ್ ಕಡೆಯ ಹೊಸಹಳ್ಳಿಯಲ್ಲಿ ಒಂದು ಹಾಕಿದರು.

1948ರ ಸೆಪ್ಟೆಂಬರ್ 12ಕ್ಕೆ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. ಜನ ಬಸ್ಸಿಗೆ ಹೋದರು, ಸಾಮಾನು ಗಾಡಿಯಲ್ಲೇ ಉಳಿಯಿತು.

ಆಮೇಲೆ ಗಾಡಿಯೇ ಬದಲಾಯಿತು. ಬದಲಾಯಿಸಿದ್ದು ಯಾವ ಪ್ರಯೋಗಶಾಲೆಯೂ ಅಲ್ಲ, ಗುಜರಿ ಅಂಗಡಿ. ಹಳೇ ಲಾರಿಯ ಅಚ್ಚು, ಬೇರಿಂಗ್ ಸಮೇತ ಹಬ್ಬು, ಸವೆದ ಟೈರು ತಂದು ಮರದ ಚೌಕಟ್ಟಿಗೆ ಬಿಗಿದರೆ ಆಯಿತು ಟೈರ್ ಗಾಡಿ. ಯಾವ ಕಂಪನಿಯ ಟೈರಾದರೂ ನಮ್ಮ ಕಡೆ ಅದಕ್ಕೆ ಡನ್‌ಲಪ್ ಗಾಡಿ ಎಂದೇ ಹೆಸರು. ಎರಡಿಂಚು ಅಗಲದ ಕಬ್ಬಿಣದ ಹಳಿ ಜಲ್ಲಿ ರಸ್ತೆಯನ್ನು ಕೊರೆಯುತ್ತದೆ ಎಂದು ಪಿ.ಡಬ್ಲ್ಯು.ಡಿ.ಯವರು ಬೈಯುವುದೂ ತಪ್ಪಿತು. ಮೆತ್ತನೆ ಮಣ್ಣಲ್ಲಿ ಹಳಿಗಾಲಿ ಹೂತುಕೊಂಡರೆ ಟೈರು ತೇಲಿಕೊಂಡು ಹೋಗುತ್ತದೆ. ಸರ್ಕಾರವೂ ಈ ವ್ಯತ್ಯಾಸವನ್ನು ಕಾನೂನಿನಲ್ಲಿ ಬರೆಯಿತು: ಎಳೆಯುವ ಮತ್ತು ಹೊರುವ ಪ್ರಾಣಿಗಳ ಬಗೆಗಿನ 1965ರ ನಿಯಮಗಳಲ್ಲಿ ಮಧ್ಯಮ ಗಾತ್ರದ ಎತ್ತುಗಳ ಎರಡು ಚಕ್ರದ ಗಾಡಿಗೆ ಟೈರಿಲ್ಲದಿದ್ದರೆ 700 ಕಿಲೋ, ಟೈರಿದ್ದರೆ 1,050, ಬಾಲ್ ಬೇರಿಂಗ್ ಇದ್ದರೆ 1,400. ಅದೇ ಎತ್ತು, ಅದೇ ಮೇವು, ಎರಡರಷ್ಟು ಭಾರ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಒಂದೇ ಸಮ ಐದು ಗಂಟೆಗಿಂತ ಹೆಚ್ಚು ಕೂಡದು, 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಲೇಬಾರದು ಎಂದೂ ಇದೆ. ಸಂತೆ ದಿನ ಇದನ್ನು ಓದಿ ಹೇಳಿದವರನ್ನು ನಾನು ಕಂಡಿಲ್ಲ.

ಅಪ್ಪನಿಗೆ ಟೈರ್ ಗಾಡಿಯ ಮೇಲೆ ಒಂದು ತಕರಾರಿತ್ತು. ಗಾಲಿ ಸಣ್ಣದಾಯಿತು, ಅಚ್ಚು ನೆಲಕ್ಕೆ ಇಳಿಯಿತು, ಹಲಗೆ ಮಾತ್ರ ಮೇಲೇ ಉಳಿಯಿತು ಎನ್ನುತ್ತಿದ್ದ. ಆಗ ನಾನು ಇದನ್ನು ಹಳೇ ಕಸುಬಿನವನ ಗೊಣಗು ಅಂದುಕೊಂಡಿದ್ದೆ. ಭಾರದ ನಡುಬಿಂದು ಅಚ್ಚಿನಿಂದ ಎತ್ತರ ಹೋದಷ್ಟೂ ಏರಿಳಿತದಲ್ಲಿ ನೊಗದ ಮೇಲಿನ ತೂಕ ಜಾಸ್ತಿ ಹೊಯ್ದಾಡುತ್ತದೆ. ಐದಡಿ ಗಾಲಿಯಲ್ಲಿ ಅಚ್ಚು ಎರಡೂವರೆ ಅಡಿ ಎತ್ತರದಲ್ಲಿ, ಹಲಗೆ ಅದರ ಮೈಮೇಲೇ; ಮೂಕಿಯೂ ಹೆಚ್ಚು ಓರೆಯಾಗದೆ ಹೆಗಲಿಗೆ ಹೋಗುತ್ತದೆ. ದೊಡ್ಡ ಗಾಲಿ ಎಂದರೆ ಬರೀ ಹಳೇ ಪದ್ಧತಿ ಎಂದು ತಿಳಿದವರು ಇದನ್ನು ನೋಡಲಿಲ್ಲ.

ನೋಡಿದವರು ಬಂದದ್ದು 1970ರ ದಶಕದಲ್ಲಿ, ಇಬ್ಬರಲ್ಲ, ಎರಡು ಗುಂಪು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಅವರದು ಒಂದು. ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಯ ಮುಖ್ಯಸ್ಥರು ಎತ್ತಿನ ಗಾಡಿ ಹಿಡಿದು ಓಡಾಡುತ್ತಾರೆ ಎಂದು ಸೂಟು ತೊಟ್ಟವರು ನಕ್ಕಿರಬೇಕು. ದೇಶದ ದುಡಿಯುವ ದನಗಳನ್ನೆಲ್ಲ ಒಟ್ಟುಮಾಡಿದರೆ ಸಿಗುವ ಶಕ್ತಿ ನಮ್ಮ ವಿದ್ಯುತ್ ಕೇಂದ್ರಗಳ ಸಾಮರ್ಥ್ಯಕ್ಕೆ ಸಾಟಿ, ಆದರೂ ಅದರ ಬಗ್ಗೆ ಒಂದು ಇಲಾಖೆಯಿಲ್ಲ, ಒಂದು ಯೋಜನೆಯಿಲ್ಲ ಎಂಬುದು ಅವರ ವಾದ. 1979ರಲ್ಲಿ ಅವರ ವರದಿ ಬಂತು. ಮುಂದೆ ಕಾರ್ಟ್‌ಮ್ಯಾನ್ ಎಂಬ ಸಂಸ್ಥೆ ಕಟ್ಟಿ ಹೆಗಲ ಹುಣ್ಣು, ನೊಗದ ಆಕಾರ, ಬೇರಿಂಗ್, ಬ್ರೇಕ್ ಎಲ್ಲದರ ಬಗ್ಗೆ ಕೊನೆತನಕ ಮಾತಾಡಿದರು. 1981ರ ಆಗಸ್ಟ್‌ನಲ್ಲಿ ನೈರೋಬಿಯಲ್ಲಿ ವಿಶ್ವಸಂಸ್ಥೆಯ ಇಂಧನ ಸಮ್ಮೇಳನದಲ್ಲಿ ಇಂದಿರಾ ಗಾಂಧಿ, ನಮ್ಮ ಎಲ್ಲ ವಿದ್ಯುತ್ ಕೇಂದ್ರಗಳಿಗಿಂತ ಹೆಚ್ಚು ಶಕ್ತಿಯನ್ನು ಪ್ರಾಣಿಗಳು ಕೊಡುತ್ತಿವೆ ಎಂದು ಜಗತ್ತಿನ ಮುಂದೆ ಹೇಳಿದರು. ಎತ್ತಿಗೆ ಅಷ್ಟು ದೊಡ್ಡ ವೇದಿಕೆ ಹಿಂದೆಂದೂ ಸಿಕ್ಕಿರಲಿಲ್ಲ.

ಇನ್ನೊಂದು ಗುಂಪು ವಿಜ್ಞಾನ ಸಂಸ್ಥೆಯದು. ಅಮೂಲ್ಯ ರೆಡ್ಡಿಯವರು 1974ರಲ್ಲಿ ಅಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರುಮಾಡಿದ್ದರು. ಹಳ್ಳಿಯ ವಸ್ತುಗಳನ್ನು ಗಂಭೀರವಾಗಿ ನೋಡುವ ಗಾಳಿ ಆ ಆವರಣದಲ್ಲಿ ಬೀಸುತ್ತಿದ್ದ ಕಾಲ. ಎಂ.ಆರ್. ರಾಘವನ್ ಮತ್ತು ಡಿ.ಎಲ್. ಪ್ರಸನ್ನ ರಾವ್ 1979ರಲ್ಲಿ ಎತ್ತಿನ ಗಾಡಿಯ ಮೇಲೆ ಎರಡು ಭಾಗದ ಪ್ರಬಂಧ ಪ್ರಕಟಿಸಿದರು. ಮೊದಲನೆಯದು ಎರಡು ಚಕ್ರದ ಗಾಡಿಯ ವಿನ್ಯಾಸದ ಇಂಜಿನಿಯರಿಂಗ್ ವಿಶ್ಲೇಷಣೆ, ಎರಡನೆಯದು ಗಾಡಿಯಲ್ಲಿ ಹುಟ್ಟುವ ಬಲಗಳನ್ನು ಉಪಕರಣ ಕಟ್ಟಿ ಅಳೆದದ್ದು. ಬೆಂಗಳೂರಿನ ಒಂದು ಲೈಬ್ರರಿಯಲ್ಲಿ ಕೂತು ಅದನ್ನು ಓದುವಾಗ ನನಗಾದ ಸಂತೋಷ ಹೇಳತೀರದು. ಅಪ್ಪ ನೊಗ ಎತ್ತಿ ಹಿಡಿದು ನೋಡುತ್ತಿದ್ದದ್ದಕ್ಕೆ ಸಮೀಕರಣ ಇತ್ತು. ಸಿಟ್ಟೂ ಬಂತು. 1979! ರಾಕೆಟ್ ಮೇಲಕ್ಕೆ ಹೋಗುತ್ತಿರುವ ಹೊತ್ತಿನಲ್ಲಿ ಎತ್ತಿನ ಕತ್ತಿನ ಮೇಲೆ ಎಷ್ಟು ತೂಕ ಬೀಳುತ್ತದೆ ಎಂದು ನಮ್ಮ ದೇಶದಲ್ಲಿ ಅಳೆದರು.

ಅಳೆದದ್ದು ತಡವಾಯಿತು ಎಂದು ನಾನು ಹೇಳುವುದಕ್ಕೆ ಕಾರಣ ಒಂದು ಪುಟ್ಟ ಲೆಕ್ಕ. ಹಳ್ಳಿಕಾರ್ ಜೋಡಿಯ ತೂಕ ಸುಮಾರು 700 ಕಿಲೋ ಎನ್ನಿ. ಎತ್ತು ದಣಿಯದೆ ಎಳೆಯಬಲ್ಲದ್ದು ತನ್ನ ತೂಕದ ಹತ್ತರಲ್ಲೊಂದು ಭಾಗ. ಗಂಟೆಗೆ ಮೂರು ಕಿಲೋಮೀಟರ್ ನಡಿಗೆಗೆ ಅದು 570 ವಾಟ್ ಚಿಲ್ಲರೆ, ಒಂದು ಅಶ್ವಶಕ್ತಿಗೂ ಕಡಿಮೆ. ಕಾನೂನು ಒಪ್ಪುವ ಐದು ಗಂಟೆ ಒಂದೇ ಸಮ ಎಳೆದರೆ ಹತ್ತಿರಹತ್ತಿರ ಮೂರು ಯೂನಿಟ್. ಒಂದು ಲೀಟರ್ ಡೀಸೆಲ್ ಸಾಧಾರಣ ಇಂಜಿನ್ನಿನಲ್ಲಿ ಕೊಡುವ ಕೆಲಸವೂ ಮೂರು ಯೂನಿಟ್ಟೇ. ಜೋಡೆತ್ತಿನ ಅರ್ಧ ದಿನದ ಬೆವರು ಒಂದು ಲೀಟರ್ ಬಾಟಲಿಯಲ್ಲಿ! ಎತ್ತು ಕೆಲಸ ಇದ್ದರೂ ತಿನ್ನುತ್ತದೆ, ಇಲ್ಲದಿದ್ದರೂ ತಿನ್ನುತ್ತದೆ. ಇಂಜಿನ್ ಆಫ್ ಮಾಡಿದರೆ ಸುಮ್ಮನಿರುತ್ತದೆ. ಸಗಣಿ, ಉಳುಮೆ ಇವುಗಳ ಲೆಕ್ಕ ಸೇರಿಸಿದರೆ ಮಾತು ಬೇರೆ, ಆದರೆ ಬಾಡಿಗೆ ಕೊಡುವವನು ಅದನ್ನು ಸೇರಿಸುವುದಿಲ್ಲ. ಐವತ್ತು ವರ್ಷ ಮುಂಚೆಯೇ ಗಾಡಿ ಹಗುರವಾಗಿ, ಬ್ರೇಕು, ಬೇರಿಂಗು ಬಂದಿದ್ದರೆ ಎತ್ತಿನ ಅರ್ಧ ಬೆವರು ಉಳಿಯುತ್ತಿತ್ತು. ಸುಧಾರಿಸಿದ ಗಾಡಿಯ ನಕ್ಷೆ ಬರುವ ಹೊತ್ತಿಗೆ ನಮ್ಮ ರೈತರು ಟ್ರ್ಯಾಕ್ಟರ್ ಸಾಲದ ಫಾರಂ ತುಂಬುತ್ತಿದ್ದರು. ಹೊಸ ಗಾಡಿಗೆ ದುಡ್ಡು ಹಾಕುವ ಬದಲು ಗುಜರಿ ಅಚ್ಚೇ ಸಾಕು ಎಂದವರೂ ಇದ್ದರು, ಅವರದೂ ತಪ್ಪಲ್ಲ.

ಮಿಕ್ಕದ್ದನ್ನು ಟೊಮೆಟೊ ಮುಗಿಸಿತು. ರಾಗಿಗೆ, ಹುಣಸೆಗೆ ಅವಸರವಿಲ್ಲ. ಟೊಮೆಟೊ ಬೆಳಿಗ್ಗೆ ಕಿತ್ತರೆ ಮಧ್ಯಾಹ್ನದೊಳಗೆ ವಡ್ಡಹಳ್ಳಿ ಮಂಡಿಯಲ್ಲಿರಬೇಕು, ರಾತ್ರಿಯೊಳಗೆ ಹೆದ್ದಾರಿಯಲ್ಲಿರಬೇಕು. 2005ರಲ್ಲಿ ಬಂದ ಪುಟ್ಟ ಟಾಟಾ ಏಸ್, ಜನ ಚೋಟಾ ಹಾಥಿ ಎನ್ನುವ ಗಾಡಿ, ಹೊಲದ ಬದುವಿನವರೆಗೂ ಬರತೊಡಗಿತು. ಹೊಸ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಮಾಲೂರು, ಬೇತಮಂಗಲದ ಕಡೆಯಿಂದ ಹೋಗುತ್ತದೆ. 1864ರ ರೈಲಿನ ಹಾಗೆ ಅದೂ ನಮ್ಮನ್ನು ಮುಟ್ಟದೆ ತೆಂಕಣದಿಂದಲೇ ಹಾದುಹೋಗುತ್ತದೆ. ಆವಣಿ ಜಾತ್ರೆಯಲ್ಲಿ ಶಿವರಾತ್ರಿ ಸುಮಾರಿಗೆ ಈಗಲೂ ದನ ಸೇರುತ್ತವೆ. ಕೊಂಬಿಗೆ ಎಣ್ಣೆ ಹಚ್ಚಿ, ಶಾಮಿಯಾನದಡಿ ಕಟ್ಟಿದ ಹಳ್ಳಿಕಾರ್ ಜೋಡಿಗೆ ಲಕ್ಷಗಟ್ಟಲೆ ಬೆಲೆ. ಕೊಳ್ಳುವವರು ಗಾಡಿ ಹೂಡುವುದಕ್ಕೆ ಕೊಳ್ಳುವುದಿಲ್ಲ, ಅಂದಕ್ಕೆ ಕೊಳ್ಳುತ್ತಾರೆ.

ನಮ್ಮ ಅಂಗಳದಲ್ಲೀಗ ವೆಲ್ಡಿಂಗ್ ಶೆಡ್. ಅಣ್ಣನ ಮಗ ಟ್ರ್ಯಾಕ್ಟರಿಗೆ ಟ್ರೈಲರ್ ಮಾಡುತ್ತಾನೆ, ಹೆಚ್ಚಿನವು ಎರಡು ಗಾಲಿಯವು. ಮೊನ್ನೆ ಒಂದಕ್ಕೆ ಅಚ್ಚು ಎಲ್ಲಿ ಕೂರಿಸಲಿ ಎಂದು ಕೇಳಿದ. ನಡುವಿಗಿಂತ ಹಿಂದಕ್ಕೆ ಸರಿಸು ಎಂದೆ. ಮುಂದೆ ಬಿದ್ದ ಭಾರ ಕೊಕ್ಕೆಯ ಮೂಲಕ ಟ್ರ್ಯಾಕ್ಟರಿನ ಹಿಂಗಾಲಿಗೆ ಇಳಿಯಬೇಕು, ಆಗಲೇ ಕೆಸರಲ್ಲಿ ಗಾಲಿಗೆ ಹಿಡಿತ. ಎತ್ತಿನ ಹೆಗಲಿಗೆ ಯಾವುದನ್ನು ತಪ್ಪಿಸಲು ಅಪ್ಪ ಅಷ್ಟು ಒದ್ದಾಡಿದನೋ ಅದನ್ನೇ ಇಲ್ಲಿ ಬೇಕೆಂದು ಮಾಡುವುದು. ಅತಿಯಾದರೆ ಟ್ರ್ಯಾಕ್ಟರಿನ ಮುಂದಿನ ಗಾಲಿ ನೆಲ ಬಿಡುತ್ತದೆ, ಸ್ಟೇರಿಂಗ್ ಕೈಗೆ ಸಿಗುವುದಿಲ್ಲ. ಅವನು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಖಾಲಿ ಕ್ರೇಟುಗಳನ್ನು ಜೋಡಿಸಿ ನೋಡಿದ. ಮೊದಲ ಸಾಲು ಹಿಂದಿನಿಂದ ತುಂಬಬೇಡ ಎಂದು ಡ್ರೈವರಿಗೆ ಹೇಳು, ಕೊಕ್ಕೆ ಮೇಲೇಳುತ್ತದೆ ಎಂದೆ. ಡ್ರೈವರುಗಳು ಕೇಳಲ್ಲ ಚಿಕ್ಕಪ್ಪ ಎಂದ.